ಚಂದ್ರ ಕೈಕೊಟ್ಟ ಸಂಕಷ್ಟಿ

31 ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವಳು ನಾನು. ಪ್ರತಿ ವರ್ಷವೂ ಬೋರ್ಡಿನ ಮೇಲೆ ದೊಡ್ಡದೊಂದು ಸೊನ್ನೆ ಬರೆದು, ಅದರ ನೆತ್ತಿಯ ಹತ್ತಿರ ಚುಕ್ಕಿ ಚುಕ್ಕಿ ಗೆರೆ ಎಳೆದು, “ಇದು ಆರ್ಕ್ಟಿಕ್ ವೃತ್ತ. ಅರವತ್ತಾರೂವರೆ ಡಿಗ್ರಿ. ಇದರ ಆಚೆ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲ” ಎನ್ನುತ್ತಿದ್ದೆ. ಮೊನ್ನೆ ತಾನೇ ಅಲ್ಲಿಂದ ಬಂದು ಬಸ್ಸಿಳಿದವಳ ಹಾಗೆ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ ಆಗ ನಾನು ಉತ್ತರದ ಕಡೆ ಹೋಗಿದ್ದು ಕಾಶಿಯವರೆಗೆ. ಅದೂ ಅತ್ತೆಯವರ ಜೊತೆ.

ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಮೇಡಂ, ಸೂರ್ಯ ಮುಳುಗೋದೇ ಇಲ್ಲ ಅಂದ್ರೆ ಚಂದ್ರ ಯಾವಾಗ ಬರ್ತಾನೆ?”

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಅಭ್ಯಾಸ ಆ ಕಾಲದ ಟೀಚರ್‌ಗಳಿಗೆ ಇರಲಿಲ್ಲ. “ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ” ಎಂದೆ. ಅವನೇನೋ ಕೂತ. ಅವನ ಪ್ರಶ್ನೆ ಮಾತ್ರ ನಿಂತೇ ಇತ್ತು ಅಂತ ಕಾಣುತ್ತೆ. 2024ರ ಜೂನ್‌ನಲ್ಲಿ, 78 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಬರೀ ಹೊಟ್ಟೆಯಲ್ಲಿದ್ದ ನನ್ನನ್ನು ಬಂದು ಹಿಡಿಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಈ ಪ್ರವಾಸಕ್ಕೆಲ್ಲ ಕಾರಣ ಮಗಳು. ಅವಳು ಓಸ್ಲೋದಲ್ಲಿದ್ದಾಳೆ. ಇವರು ವಿದ್ಯುತ್ ಇಲಾಖೆಯಲ್ಲಿ ಇಂಜಿನಿಯರ್ ಆಗಿ ರಿಟೈರ್ ಆದವರು. ಸರ್ವಿಸಿನ ಅರ್ಧ ಜೋಗ, ಲಿಂಗನಮಕ್ಕಿ ಕಡೆ ಕಳೆಯಿತು. ಇನ್ನರ್ಧ “ಸಾರ್, ಕರೆಂಟ್ ಯಾವಾಗ ಬರುತ್ತೆ” ಎನ್ನುವ ಫೋನುಗಳಲ್ಲಿ ಕಳೆಯಿತು. ಈಗ ಮನೆಯಲ್ಲಿ ಇವರಿಗಿರುವುದು ಒಂದೇ ಡ್ಯೂಟಿ. ನಾನು ಯಾವ ರೂಮಿನಿಂದ ಹೊರಗೆ ಬಂದರೂ ಹಿಂದೆಯೇ ಹೋಗಿ ಲೈಟ್ ಆರಿಸುವುದು. ಅದನ್ನು ನೋಡಿ ನೋಡಿಯೇ ಮಗಳಿಗೆ ಹೊಳೆದಿರಬೇಕು. “ಅಪ್ಪ, ಆರಿಸೋಕೇ ಆಗದ ಲೈಟ್ ಇರೋ ಕಡೆ ಕಳಿಸ್ತೀನಿ ನಿನ್ನ” ಎಂದಳು. ಅವಳೂ ಬರುವವಳಿದ್ದಳು. ರಜೆ ಸಿಗಲಿಲ್ಲ. ಟಿಕೆಟ್, ಹೋಟೆಲ್ ಎಲ್ಲ ಮಾಡಿ, ಕಾಗದಗಳನ್ನು ಒಂದು ಫೈಲಿಗೆ ಹಾಕಿ, ನಮ್ಮಿಬ್ಬರನ್ನೇ ಬಿಟ್ಟಳು.

ಶಿವಮೊಗ್ಗ ಬಿಡುವಾಗಲೇ ಮೊದಲ ಜಗಳ. ಕೊಡೆಯ ವಿಷಯಕ್ಕೆ. ಮಾವನವರ ಕಾಲದ ದೊಡ್ಡ ಕಪ್ಪು ಕೊಡೆ ಅದು, ಬಾಗಿದ ಮರದ ಹಿಡಿ. ಜೂನ್ ತಿಂಗಳಲ್ಲಿ ಕೊಡೆ ಇಲ್ಲದೆ ಹೊಸ್ತಿಲು ದಾಟುವುದು ಮಲೆನಾಡಿನವರಿಂದ ಆಗದ ಮಾತು.

“ಅಲ್ಲಿ ಬೀಳೋದು ಹಿಮ ಕಣೆ, ಮಳೆ ಅಲ್ಲ.”

“ಬರ್ಗೆನ್ ಮಳೆಯ ಊರು ರೀ. ನಾನೇ ಪಾಠ ಮಾಡಿದ್ದೀನಿ.”

ಬರ್ಗೆನ್‌ನಲ್ಲಿ ನಾವಿದ್ದ ಎರಡು ದಿನವೂ ಕಣ್ಣು ಕುಕ್ಕುವ ಬಿಸಿಲು. ಇವರು ಆಕಾಶ ನೋಡಿದರು, ಕೊಡೆ ನೋಡಿದರು, ನನ್ನನ್ನು ನೋಡಿದರು. ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಅಂದಿದ್ದರೆ ಪರವಾಗಿರಲಿಲ್ಲ. ಸುಮ್ಮನಿದ್ದರೇ ಜಾಸ್ತಿ ಉರಿಯೋದು, ಅಲ್ವಾ?

ನಾರ್ವೆಯ ಒಂದು ಕ್ರೋನ್ ಎಂದರೆ ಆಗ ನಮ್ಮ ಎಂಟು ರೂಪಾಯಿ, ಹೆಚ್ಚುಕಡಿಮೆ. ಹಾಗಾಗಿ ಇವರು ಎಂಟರ ಮಗ್ಗಿ ಹೇಳಿಕೊಂಡೇ ದೇಶ ಸುತ್ತಿದರು. “ಕಾಫಿ ನಲವತ್ತೈದು. ಮುನ್ನೂರ ಅರವತ್ತು! ಇಷ್ಟು ದುಡ್ಡಿಗೆ ನಮ್ಮೂರಲ್ಲಿ ಇಪ್ಪತ್ತು ಕಾಫಿ ಬರುತ್ತೆ.” ಇಪ್ಪತ್ತು ಕಾಫಿ ಯಾರು ಕುಡಿಯುತ್ತಾರೆ ಎಂದು ಕೇಳಿದೆ. ಪ್ರಶ್ನೆ ಅದಲ್ಲ ಎಂದರು. ನಾಲ್ಕನೆಯ ದಿನದಿಂದ ಅಂಗಡಿಯಲ್ಲಿ ನಾನು ಬೆಲೆಯ ಚೀಟಿಗೆ ಬೆನ್ನು ಕೊಟ್ಟು ನಿಲ್ಲುವುದನ್ನು ಕಲಿತೆ.

ಬರ್ಗೆನ್‌ನಿಂದ ಉತ್ತರಕ್ಕೆ ನಾವು ಹಡಗು ಹತ್ತಿದೆವು. 1893ರಲ್ಲಿ ಶುರುವಾದ ಕರಾವಳಿ ಹಡಗಿನ ಓಡಾಟ ಇದು. ಈಗ ರಷ್ಯಾ ಗಡಿಯ ಹತ್ತಿರದ ಕಿರ್ಕೆನೆಸ್‌ವರೆಗೂ ಹೋಗುತ್ತದೆ. ದಾರಿಯಲ್ಲಿ 34 ಬಂದರು. ಪ್ರವಾಸಿಗರ ಜೊತೆ ಸಾಮಾನು ಸರಂಜಾಮು, ಪಕ್ಕದೂರಿಗೆ ಹೋಗುವ ಅಜ್ಜಿಯರು, ಎಲ್ಲರೂ ಹತ್ತುತ್ತಾರೆ, ಇಳಿಯುತ್ತಾರೆ. ರಾತ್ರಿ ಎರಡು ಗಂಟೆಗೂ ಯಾವುದೋ ಸಣ್ಣ ಬಂದರಿನಲ್ಲಿ ಹದಿನೈದು ನಿಮಿಷ ನಿಲ್ಲುತ್ತದೆ. “ಇದು ಹಡಗಲ್ಲ ಕಣೆ, ಸಾಗರದ ಶಟಲ್ ಬಸ್ಸು” ಎಂದರು ಇವರು. ಯಾವ ಸಾಗರ ಎಂದು ನಾನು ಕೇಳಲಿಲ್ಲ. ಆ ಜೋಕಿಗಾಗಿಯೇ ಇವರು ಬಾಯಿ ತೆರೆದಿದ್ದು ಅಂತ ಗೊತ್ತಿತ್ತು.

ಹಡಗಿನ ಮೊದಲ ಬೆಳಗ್ಗೆ ಇವರ ಮುಖ ಅರಳಿತು. ತಿಂಡಿಯ ಮೇಜಿನ ಮೇಲೆ ಕಂದು ಬಣ್ಣದ ಒಂದು ಅಚ್ಚು ಇತ್ತು. ಪಕ್ಕದಲ್ಲೇ ಅದನ್ನು ಹೆರೆಯುವ ಚಪ್ಪಟೆ ಸಾಧನ. “ನೋಡೇ, ಬೆಲ್ಲ! ಹೆರೆಯೋಕೆ ಹೆರೆಮಣೆ ಕೂಡ ಇಟ್ಟಿದ್ದಾರೆ. ನಾಗರಿಕತೆ ಅಂದ್ರೆ ಇದು” ಎನ್ನುತ್ತಾ ನಾಲ್ಕು ಎಸಳು ಹೆರೆದು, ಕಪ್ಪು ಕಾಫಿಗೆ ಹಾಕಿ ಕಲಸಿದರು. ಕಲಸಿದರು. ಇನ್ನೂ ಕಲಸಿದರು. ಬೆಲ್ಲ ಕರಗಲಿಲ್ಲ. ಮೆತ್ತಗಾಗಿ, ಉಂಡೆ ಕಟ್ಟಿ, ಚಮಚಕ್ಕೆ ಅಂಟಿ ಮೇಲೆ ಬಂತು.

ಅದು ಬ್ರೂನೊಸ್ಟ್. ನಾರ್ವೆಯವರ ಕಂದು ಚೀಸು. ಹಾಲು ಒಡೆದು ಗಟ್ಟಿ ತೆಗೆದ ಮೇಲೆ ಉಳಿಯುವ ನೀರನ್ನು ಬಹಳ ಹೊತ್ತು ಕುದಿಸಿ, ಅದರಲ್ಲಿರುವ ಸಕ್ಕರೆ ಕಂದು ಬಣ್ಣಕ್ಕೆ ತಿರುಗುವವರೆಗೂ ಬತ್ತಿಸಿ ಮಾಡುತ್ತಾರೆ. ತಿಂದರೆ ಧಾರವಾಡ ಪೇಡೆಗೆ ಯಾರೋ ಮರೆತು ಉಪ್ಪು ಹಾಕಿದ ಹಾಗಿರುತ್ತದೆ. ನನಗೆ ಇಷ್ಟವಾಯಿತು. ಎದುರಿಗೆ ಕೂತಿದ್ದ ನಾರ್ವೆಯ ಮುದುಕರೊಬ್ಬರು ಇವರ ಲೋಟವನ್ನೇ ನೋಡುತ್ತಿದ್ದರು. ಮರ್ಯಾದೆಯ ಪ್ರಶ್ನೆ. ಇವರು ಉಂಡೆ ಸಮೇತ ಅಷ್ಟನ್ನೂ ಕುಡಿದು, ಬಾಯಿ ಒರೆಸಿಕೊಂಡು, “ಗುಡ್” ಎಂದರು.

ನಾಲ್ಕನೆಯ ದಿನ ಬೆಳಗ್ಗೆ ಏಳರ ಸುಮಾರಿಗೆ ಆರ್ಕ್ಟಿಕ್ ವೃತ್ತ ಬಂತು. ವಿಕಿಂಗೆನ್ ಎನ್ನುವ ಪುಟ್ಟ ಬಂಡೆ ದ್ವೀಪ, ಅದರ ಮೇಲೆ ಲೋಹದ ಒಂದು ಗೋಳ. ಅಷ್ಟೇ ಗುರುತು. 31 ವರ್ಷ ಎಳೆದ ಗೆರೆ ನೀರಿನಲ್ಲಿ ಎಲ್ಲೂ ಕಾಣಲಿಲ್ಲ. ನನ್ನ ಕಣ್ಣು ಯಾಕೋ ಒದ್ದೆಯಾಯಿತು. ಗಾಳಿಗೆ ಇರಬೇಕು.

ಇದಾದ ಮೇಲೆ ಡೆಕ್ಕಿನಲ್ಲಿ ಒಂದು ಪೂಜೆ ಇರುತ್ತದೆ. ಸಮುದ್ರ ರಾಜನ ವೇಷದವನೊಬ್ಬ ಗಡ್ಡ ಅಂಟಿಸಿಕೊಂಡು ಬರುತ್ತಾನೆ. ಮೊದಲ ಸಲ ವೃತ್ತ ದಾಟುವವರು ಒಬ್ಬೊಬ್ಬರಾಗಿ ಬಂದು ಬಗ್ಗಬೇಕು. ಅವನು ಸೌಟಿನಲ್ಲಿ ಐಸು, ಐಸಿನ ನೀರು ತೆಗೆದು ಕತ್ತಿನ ಹಿಂದಿನಿಂದ ಅಂಗಿಯೊಳಗೆ ಸುರಿಯುತ್ತಾನೆ. ಇವರು ಸಾಲು ನೋಡಿದ್ದೇ ತೀರ್ಥ ಕೊಡುತ್ತಿದ್ದಾರೆ ಎಂದುಕೊಂಡು ಹೋಗಿ ನಿಂತುಬಿಟ್ಟರು. ಸಾಲು ಕಂಡರೆ ನಿಲ್ಲುವುದು ಇವರ ಹುಟ್ಟುಗುಣ. ಹತ್ತಿರ ಹೋದ ಮೇಲೆ ವಿಷಯ ತಿಳಿಯಿತು. ಆಗ ಹಿಂದೆ ಬರಲು ಜಾಗವಿರಲಿಲ್ಲ.

ಬೇರೆಯವರಿಗೆಲ್ಲ ಐಸು ಬೆನ್ನಿನ ಮೇಲೆ ಜಾರಿ ಕೆಳಗೆ ಬಿತ್ತು. ಕಿರುಚಿದರು, ನಕ್ಕರು, ಹೋದರು. ಇವರದು ಹಾಗಾಗಲಿಲ್ಲ. ಇವರು ಒಳಗೆ ಥರ್ಮಲ್ ಹಾಕಿ, ಅದನ್ನು ಪ್ಯಾಂಟಿನೊಳಗೆ ಸೇರಿಸಿ, ಮೇಲೆ ಬೆಲ್ಟು ಬಿಗಿದು, ಅದರ ಮೇಲೆ ಎರಡು ಸ್ವೆಟರ್ ಹಾಕಿದ್ದರು. ಥಂಡಿ ಒಳಗೆ ಬರಬಾರದು ಅಂತ. ಒಳಗೆ ಬಂದ ಥಂಡಿ ಹೊರಗೂ ಹೋಗಲಾರದು ಎನ್ನುವುದು ಹೊಳೆದಿರಲಿಲ್ಲ. ಐಸಿನ ಗಡ್ಡೆಗಳೆಲ್ಲ ಸೊಂಟದ ಸುತ್ತ ಸೇರಿ ಕೂತವು. ಆ ಡೆಕ್ಕಿನ ಮೇಲೆ ಇವರು ಮಾಡಿದ ಕುಣಿತಕ್ಕೆ ಒಬ್ಬ ಜರ್ಮನ್ ಹೆಂಗಸು ಚಪ್ಪಾಳೆ ತಟ್ಟಿ, ಇದು ಭಾರತದ ಯಾವ ನೃತ್ಯ ಎಂದು ನನ್ನನ್ನು ಕೇಳಿದರು. ಯಕ್ಷಗಾನ ಎಂದೆ. ತಪ್ಪಾಯಿತು, ಆದರೆ ಆ ಹೊತ್ತಿಗೆ ಹೊಳೆದಿದ್ದು ಅದೇ. ವಾಪಸ್ ದಕ್ಷಿಣಕ್ಕೆ ಹೋಗುವವರಿಗೆ ವೃತ್ತ ದಾಟಿದಾಗ ಒಂದು ಚಮಚ ಕಾಡ್ ಲಿವರ್ ಎಣ್ಣೆ ಕುಡಿಸುತ್ತಾರಂತೆ. ಸದ್ಯ, ನಮ್ಮದು ಒಂದೇ ದಿಕ್ಕಿನ ಟಿಕೆಟ್.

ಲೊಫೊಟೆನ್ ದ್ವೀಪಗಳ ಸ್ವೋಲ್ವೇರ್‌ನಲ್ಲಿ ಒಂದು ಗಂಟೆ ಇಳಿದೆವು. ರಾತ್ರಿ ಒಂಬತ್ತು, ಮಧ್ಯಾಹ್ನದ ಬೆಳಕು. ಅಲ್ಲಿ ಚಳಿಗಾಲದಲ್ಲಿ ಹಿಡಿದ ಕಾಡ್ ಮೀನನ್ನು ಮರದ ಅಟ್ಟಣಿಗೆಗೆ ನೇತುಹಾಕಿ, ಉಪ್ಪೂ ಹಾಕದೆ, ಬರೀ ಗಾಳಿಗೆ ಒಣಗಿಸುತ್ತಾರೆ. ತಲೆಗಳನ್ನು ಬೇರೆ ಒಣಗಿಸಿ ದೂರದ ನೈಜೀರಿಯಾಕ್ಕೆ ಕಳಿಸುತ್ತಾರೆ. ನಾವು ಹೋದಾಗ ಮೀನು ಬಹುಪಾಲು ಇಳಿಸಿಯಾಗಿತ್ತು. ವಾಸನೆ ಇಳಿಸಿರಲಿಲ್ಲ. ನಾನು ಸೆರಗಿನಲ್ಲಿ ಮೂಗು ಮುಚ್ಚಿಕೊಂಡೆ. ಇವರು ಮಾತ್ರ ಉದ್ದಕ್ಕೆ ಉಸಿರೆಳೆದು, “ಆಹಾ, ಕಾರವಾರ!” ಎಂದರು. ಮೂರು ವರ್ಷ ಅಲ್ಲಿ ಪೋಸ್ಟಿಂಗ್ ಇತ್ತು. ಇವರು ಹುಟ್ಟಾ ಸಸ್ಯಾಹಾರಿ. ಆದರೂ ಆಗ ನಮಗಿನ್ನೂ ಮೂವತ್ತು ತುಂಬಿರಲಿಲ್ಲ ನೋಡಿ, ಅದಕ್ಕೇ ಆ ವಾಸನೆಯೂ ಹಿತವಾಗಿರಬೇಕು.

ಟ್ರೊಮ್ಸೊದಿಂದ ಸ್ವಾಲ್ಬಾರ್ಡ್‌ಗೆ ವಿಮಾನ. ನಾರ್ವೆಯದೇ ದ್ವೀಪಗಳು, ಆದರೆ ಹೋಗುವಾಗ ಪಾಸ್‌ಪೋರ್ಟಿಗೆ ಮುದ್ರೆ ಹೊಡೆದರು. ಒಂದೇ ವೀಸಾದಲ್ಲಿ ಯೂರೋಪಿನ ಹಲವು ದೇಶ ಸುತ್ತಬಹುದಾದ ಷೆಂಗೆನ್ ಕೂಟಕ್ಕೆ ಸ್ವಾಲ್ಬಾರ್ಡ್ ಸೇರಿಲ್ಲ. ಅಲ್ಲಿಗೆ ವೀಸಾನೇ ಬೇಡ. ಆದರೆ ಅಲ್ಲಿಂದ ವಾಪಸ್ ಬರುವಾಗ ಮತ್ತೆ ಷೆಂಗೆನ್ ಒಳಗೆ ಬರಬೇಕಲ್ಲ, ಅದಕ್ಕೆ ಎರಡು ಸಲ ಒಳಬರುವ ವೀಸಾ ಬೇಕು. ಇಲ್ಲದಿದ್ದರೆ ಹಿಮಕರಡಿಗಳ ಜೊತೆ ಅಲ್ಲೇ ಇರಬೇಕಾಗುತ್ತದೆ. ಮಗಳು ಇದನ್ನೆಲ್ಲ ಮೊದಲೇ ನೋಡಿ ಮಾಡಿದ್ದಳು. ಇವರಿಗೆ ಹಿಡಿಸಿದ್ದು ಬೇರೆ ವಿಷಯ. 1920ರಲ್ಲಿ ಪ್ಯಾರಿಸ್‌ನಲ್ಲಿ ಆದ ಸ್ವಾಲ್ಬಾರ್ಡ್ ಒಪ್ಪಂದದಲ್ಲಿ ಭಾರತವೂ ಇದೆ. ಆಗ ನಮ್ಮ ಪರವಾಗಿ ಸಹಿ ಹಾಕಿದ್ದು ಬ್ರಿಟಿಷರು. ಒಪ್ಪಂದದ ದೇಶಗಳ ಜನ ಅಲ್ಲಿ ಹೋಗಿ ಇರಬಹುದು, ಕಸುಬು ಮಾಡಬಹುದು. ಇದನ್ನು ಓದಿದಾಗಿನಿಂದ ಇವರ ನಡಿಗೆಯೇ ಬದಲಾಯಿತು. ಲಾಂಗ್‌ಇಯರ್‌ಬೈನ್ ಊರಿನಲ್ಲಿ ಇಳಿದು, ಬೋಳು ಗುಡ್ಡ, ಹಿಮದ ಪಟ್ಟೆ, ಒಂದೇ ಒಂದು ಮರವಿಲ್ಲದ ಕಣಿವೆ ಎಲ್ಲ ಒಂದು ಸುತ್ತು ನೋಡಿ, “ನಮ್ಮ ಪಾಲಿನ ಪಹಣಿ ತೆಗೆಸಬೇಕು” ಎಂದರು.

ಹೋಟೆಲಿನ ಬಾಗಿಲಲ್ಲೇ ಬೂಟು ಬಿಡಬೇಕು. ಆ ಊರಿನ ಹಳೆಯ ಪದ್ಧತಿ. 1906ರಲ್ಲಿ ಕಲ್ಲಿದ್ದಲು ಗಣಿಗಾಗಿ ಹುಟ್ಟಿದ ಊರು ಅದು. ಗಣಿ ಕೆಲಸದವರ ಬೂಟಿನ ಮಸಿ ಮನೆಯೊಳಗೆ ಬರಬಾರದು ಅಂತ ಶುರುವಾಗಿದ್ದು ಇವತ್ತಿಗೂ ಉಳಿದಿದೆ. ಮ್ಯೂಸಿಯಂ ಒಳಗೂ ಕಾಲುಚೀಲದಲ್ಲೇ ಓಡಾಟ. ಅಂಗಡಿ ಬಾಗಿಲಲ್ಲಿ ಬಂದೂಕು ಒಳಗೆ ತರಬೇಡಿ ಎನ್ನುವ ಚಿತ್ರ. ಇಷ್ಟು ದಿನದಲ್ಲಿ ಮೊದಲ ಸಲ ನಮ್ಮ ಮನೆಗೆ ಬಂದ ಹಾಗಾಯಿತು. ಬೂಟಿನ ವಿಷಯಕ್ಕೆ ಹೇಳುತ್ತಿದ್ದೇನೆ, ಬಂದೂಕಿನದಲ್ಲ.

ಆದರೆ ಚಪ್ಪಲಿ ಬಿಡುವ ಜಾಗ ಕಂಡರೆ ನಮ್ಮ ಜನಕ್ಕೆ ಒಂದು ಹಳೆಯ ಭಯ ಎದ್ದು ಬರುತ್ತದೆ. ಇವರು ದೇವಸ್ಥಾನದಲ್ಲಿ ಏನು ಮಾಡುತ್ತಾರೋ ಅಲ್ಲೂ ಅದನ್ನೇ ಮಾಡಿದರು. ಎಡಗಾಲಿನ ಬೂಟನ್ನು ಬಾಗಿಲ ಪಕ್ಕದ ಸ್ಟ್ಯಾಂಡಿನಲ್ಲಿ, ಬಲಗಾಲಿನದನ್ನು ಆ ತುದಿಯ ಸ್ಟ್ಯಾಂಡಿನಲ್ಲಿ ಇಟ್ಟು ಬಂದರು. ಕಳ್ಳನಿಗೆ ಜೋಡಿ ಸಿಗಬಾರದು. ನನಗೆ ಗೊತ್ತೇ ಆಗಲಿಲ್ಲ.

ಮಾರನೆಯ ಬೆಳಗ್ಗೆ ಎಡಗಾಲಿನದು ಇತ್ತು, ಬಲಗಾಲಿನದು ಇಲ್ಲ. ಇವರು ರಿಸೆಪ್ಷನ್ನಿನ ಹುಡುಗಿಯ ಹತ್ತಿರ ಹೋಗಿ “ಕಳ್ಳತನ” ಎಂದರು. ಒಂದೇ ಬೂಟಾ ಎಂದು ಅವಳು ಎರಡು ಸಲ ಕೇಳಿದಳು. ಆಮೇಲೆ ಮೇಜಿನ ಕೆಳಗಿನಿಂದ ಒಂದು ಡಬ್ಬ ತೆಗೆದಳು. ಕಳೆದುಹೋದ ವಸ್ತುಗಳ ಡಬ್ಬ. ಒಂಟಿ ಗ್ಲೌಸುಗಳು, ಒಂದು ಟೋಪಿ, ಮೇಲೆ ಇವರ ಬೂಟು. ಯಾರೋ ಪಾಪದ ಪ್ರವಾಸಿ ಒಂದು ಬೂಟು ಮರೆತು ಹೋಗಿದ್ದಾನೆ ಎಂದು ಎತ್ತಿಟ್ಟಿದ್ದಳಂತೆ. ಒಂದೇ ಬೂಟಿನಲ್ಲಿ ಅವನು ಹೋದದ್ದು ಹೇಗೆ ಎಂದು ರಾತ್ರಿಯೆಲ್ಲ ಯೋಚಿಸಿದಳಂತೆ. ಇವರು ದೇವಸ್ಥಾನದ ಲೆಕ್ಕವನ್ನು ಇಂಗ್ಲಿಷಿನಲ್ಲಿ ವಿವರಿಸಿದರು. ಅವಳು ಎಲ್ಲ ಕೇಳಿ, ಬಹಳ ಮೆಲ್ಲಗೆ, ಇಲ್ಲಿ ಸುಮಾರು ಜನ ಮನೆಗೂ ಬೀಗ ಹಾಕುವುದಿಲ್ಲ ಎಂದಳು. ಅಂದು ಸಂಜೆಯೂ ಇವರು ಬೂಟು ಬೇರೆ ಬೇರೆಯೇ ಇಟ್ಟರು. ಅಭ್ಯಾಸ.

ಸಂಜೆ ಎಂದೆ, ಅಲ್ವಾ? ಬರೆಯುವುದಕ್ಕೆ ಇರಲಿ ಅಂತ ಹಾಗೆ ಬರೆದೆ. ಅಲ್ಲಿ ಏಪ್ರಿಲ್ ಮೂರನೇ ವಾರದಿಂದ ಆಗಸ್ಟ್ ಮೂರನೇ ವಾರದ ತನಕ ಸೂರ್ಯ ಮುಳುಗುವುದಿಲ್ಲ. ಪಾಠ ಮಾಡುವಾಗ ಇದು ಒಂದು ವಾಕ್ಯ. ಅನುಭವಿಸುವಾಗ ಇದು ನಿದ್ದೆ ಬರದ ಗಂಡ. ಪರದೆಯ ಸಂದಿಯಲ್ಲಿ ಒಂದು ಬೆಳಕಿನ ಗೀಟು ಬರುತ್ತಿತ್ತು. ಅದನ್ನು ಮುಚ್ಚಲು ಇವರು ನನ್ನ ಶಾಲು, ಟವೆಲ್, ಕೊನೆಗೆ ಚಟ್ನಿಪುಡಿ ಡಬ್ಬದ ಚೀಲ ಎಲ್ಲ ಸಿಕ್ಕಿಸಿದರು. ಜೀವಮಾನವಿಡೀ ಲೈಟ್ ಆರಿಸಿದ ಕೈ. ಸ್ವಿಚ್ಚೇ ಇಲ್ಲದ ಲೈಟಿನ ಮುಂದೆ ಸೋತು ಕೂತರು. ಊರಲ್ಲಿ ಇವರಿಗೆ ಸಮಾಧಾನ ಕೊಟ್ಟಿದ್ದು ಒಂದೇ, ಹಳೆಯ ಕರೆಂಟ್ ಸ್ಥಾವರದ ಚಿಮಣಿ. ನಾರ್ವೆಗೆಲ್ಲ ಕಲ್ಲಿದ್ದಲು ಸುಡುತ್ತಿದ್ದ ಏಕೈಕ ವಿದ್ಯುತ್ ಸ್ಥಾವರ ಅದು. 2023ರ ಅಕ್ಟೋಬರ್‌ನಲ್ಲಿ ಕಲ್ಲಿದ್ದಲು ನಿಲ್ಲಿಸಿ ಡೀಸೆಲ್‌ಗೆ ಬದಲಾದರು. ಇವರು ಅದರ ಮುಂದೆ ಗೋಪುರ ನೋಡುವವರ ಹಾಗೆ ಕೈಕಟ್ಟಿ ನಿಂತಿದ್ದರು.

ಒಂದು ದಿನ ಇವರಿಗೆ ಎಚ್ಚರವಾದಾಗ ಗಡಿಯಾರದಲ್ಲಿ ಐದೂವರೆ. ವಾಕಿಂಗ್ ಟೈಮು. ಮಂಕಿ ಟೋಪಿ ಹಾಕಿಕೊಂಡು ಹೊರಟರು. ಊರಲ್ಲಿ ದಿನಾ ಐದು ಕಿಲೋಮೀಟರ್ ನಡೆಯುವವರು. ಇಲ್ಲಿ ಒಂದೂವರೆ ಕಿಲೋಮೀಟರಿಗೇ ರಸ್ತೆ ಪಕ್ಕ ಕರಡಿಯ ಚಿತ್ರದ ಬೋರ್ಡು ಬಂತು. ಅದರಾಚೆ ಕರಡಿ ಓಡಿಸುವ ಸಾಧನ ಇಲ್ಲದೆ ಹೋಗುವ ಹಾಗಿಲ್ಲ. ಸರಿ ಎಂದು ಬೋರ್ಡಿನಿಂದ ಚರ್ಚಿಗೆ, ಚರ್ಚಿನಿಂದ ಬೋರ್ಡಿಗೆ ಸುತ್ತು ಹೊಡೆದರು. ರಸ್ತೆಯಲ್ಲಿ ಜನ ಜಾಸ್ತಿ. ಹುಡುಗರು ಸೈಕಲ್ ಹೊಡೆಯುತ್ತಿದ್ದರು. ಅಂಗಡಿ ತೆರೆದಿತ್ತು. ಬೆಳಗಿನ ಐದೂವರೆಗೇ ಈ ಜನ ಎಷ್ಟು ಚುರುಕು ಎಂದು ಮೆಚ್ಚಿಕೊಂಡು, ಹೋಟೆಲಿಗೆ ಬಂದು ತಿಂಡಿ ಕೇಳಿದರು. ಆಗ ಗ್ರಹಚಾರ ತಿಳಿಯಿತು. ಅದು ಸಂಜೆ ಐದೂವರೆ. ಇವರು ಮಧ್ಯಾಹ್ನ ಊಟ ಮಾಡಿ ಮಲಗಿದ್ದರು ಅಷ್ಟೇ.

ಬೀಜ ಭಂಡಾರದ ಬಾಗಿಲನ್ನೂ ನೋಡಿ ಬಂದೆವು. 2008ರ ಫೆಬ್ರವರಿಯಲ್ಲಿ ತೆರೆದಿದ್ದು. ಪ್ರಪಂಚದ ಬೆಳೆಗಳ ಬೀಜಗಳನ್ನು ಗುಡ್ಡದೊಳಗೆ ಮೈನಸ್ 18 ಡಿಗ್ರಿಯಲ್ಲಿ ಇಟ್ಟಿದ್ದಾರೆ. ಒಳಗೆ ಯಾರನ್ನೂ ಬಿಡುವುದಿಲ್ಲ. ಹೈದರಾಬಾದ್ ಹತ್ತಿರದ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನವರು ಕಳಿಸಿದ ಜೋಳ, ಕಡಲೆ, ತೊಗರಿ ಎಲ್ಲ ಅಲ್ಲಿವೆ. ನಾನು ಹತ್ತು ದಿನದಿಂದ ಸಾರು ಕಂಡಿರಲಿಲ್ಲ. ಆ ಕಾಂಕ್ರೀಟ್ ಬಾಗಿಲ ಹಿಂದೆ ತೊಗರಿ ಇದೆ ಎನ್ನುವುದು ಸುಮ್ನೆ ಮಾತಲ್ಲ.

ಕೊಡೆಗೆ ಅದೃಷ್ಟ ಬಂದಿದ್ದು ಇಲ್ಲಿ. ಲಾಂಗ್‌ಇಯರ್‌ಬೈನ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ, ಹಿಮ ಎಲ್ಲ ಸೇರಿ 200 ಮಿಲಿಮೀಟರ್ ಆಸುಪಾಸು. ಆಗುಂಬೆಯಲ್ಲಿ ಒಂದು ಜೋರಾದ ದಿನಕ್ಕೆ ಮುಗಿಯುವ ಲೆಕ್ಕ. ಇವರು ಆ ಅಂಕಿಯನ್ನು ಎಲ್ಲಿಂದಲೋ ಹುಡುಕಿ ನನಗೆ ಓದಿ ಹೇಳಿದ್ದರು. ಓದಿದ ಮಾರನೆಯ ದಿನವೇ ಸಮುದ್ರದ ದಂಡೆಯ ರಸ್ತೆಯಲ್ಲಿ ನಾವು ಹೋಗುತ್ತಿದ್ದೆವು. ಪುಟ್ಟ ಬಿಳಿ ಹಕ್ಕಿಯೊಂದು ಕರ್ಕಶವಾಗಿ ಕೂಗುತ್ತಾ ನೇರ ಇವರ ತಲೆಗೆ ಎರಗಿತು.

ಆರ್ಕ್ಟಿಕ್ ಟರ್ನ್. ನಮ್ಮ ಪಕ್ಷಿವೀಕ್ಷಕರು ರೀವ ಎನ್ನುವ ಹಕ್ಕಿಯ ಬಳಗ. ಲಕ್ಕವಳ್ಳಿಯ ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಬೇಸಿಗೆಯಲ್ಲಿ ಮೊಟ್ಟೆಯಿಡುವ ಹೊಳೆ ರೀವಗಳ ದೂರದ ನೆಂಟ. ತೂಕ 100 ಗ್ರಾಂ ಆಚೀಚೆ. ಆದರೆ ಪ್ರತಿ ವರ್ಷ ಉತ್ತರ ಧ್ರುವದ ಕಡೆಯಿಂದ ಅಂಟಾರ್ಕ್ಟಿಕಾಕ್ಕೆ ಹೋಗಿ ಬರುತ್ತದೆ. ವರ್ಷಕ್ಕೆ ಎರಡು ಬೇಸಿಗೆ ಕಾಣುವ ಜೀವ. ಅಷ್ಟು ದೂರ ಹಾರಿ ಬಂದು ರಸ್ತೆ ಪಕ್ಕದ ಜಲ್ಲಿಯ ಮೇಲೆ ಮೊಟ್ಟೆ ಇಟ್ಟಿರುತ್ತದೆ. ಹತ್ತಿರ ಹೋದವರನ್ನು ಬಿಡುವುದಿಲ್ಲ. ನಾನು ಇಷ್ಟನ್ನು ವಿವರಿಸುವ ಹೊತ್ತಿಗೆ ಇವರ ಮಂಕಿ ಟೋಪಿಯ ಕುಚ್ಚಿಗೆ ಎರಡು ಸಲ ಕುಕ್ಕಿತ್ತು.

“ಪಾಠ ಆಮೇಲೆ ಮಾಡೇ! ಏನಾದ್ರೂ ಮಾಡು!”

ಅದು ಯಾವಾಗಲೂ ಎತ್ತರದ ತುದಿಗೆ ಎರಗುತ್ತದೆ. ತಲೆಗಿಂತ ಮೇಲೆ ಒಂದು ಕೋಲು ಎತ್ತಿ ಹಿಡಿದರೆ ಸಾಕು ಎಂದು ಹೋಟೆಲಿನ ಹುಡುಗಿ ಹೇಳಿದ್ದಳು. ಮರವೇ ಇಲ್ಲದ ಊರಲ್ಲಿ ಕೋಲು ಎಲ್ಲಿಂದ ಬರಬೇಕು? ನಾನು ಅವಸರ ಮಾಡಲಿಲ್ಲ. ಮಾವನವರ ಕೊಡೆಯನ್ನು ನಿಧಾನವಾಗಿ ಬಿಚ್ಚಿ, ಇವರ ತಲೆಯ ಮೇಲೆ ಹಿಡಿದೆ. ಹಕ್ಕಿ ಕೊಡೆಯ ತುದಿಗೆ ಟಕ್ ಟಕ್ ಎಂದು ಕುಕ್ಕಿತು. ಮೇಲಿಂದ ಬೇರೆ ರೀತಿಯಲ್ಲೂ ಅಭಿಪ್ರಾಯ ತಿಳಿಸಿತು. ಅಷ್ಟೂ ಕೊಡೆಯ ಮೇಲೆಯೇ ಬಿತ್ತು. ಬಿಸಿಲಿನಲ್ಲಿ, ಒಂದೇ ಕೊಡೆಯ ಕೆಳಗೆ, ನಲವತ್ತು ವರ್ಷದ ಸಂಸಾರದಲ್ಲಿ ಎಂದೂ ಇಲ್ಲದಷ್ಟು ಒತ್ತಿಕೊಂಡು ಆ ರಸ್ತೆ ದಾಟಿದೆವು. ನಾನು ಇವರ ಕಡೆ ನೋಡಿದೆ. ಬಾಯಿ ಬಿಟ್ಟು ಏನೂ ಅನ್ನಲಿಲ್ಲ.

24ನೇ ತಾರೀಕು ದೋಣಿಯಲ್ಲಿ ನೂ-ಓಲೆಸುಂಡ್‌ಗೆ ಹೋದೆವು. ಇನ್ನೂ ಉತ್ತರಕ್ಕೆ, 79 ಡಿಗ್ರಿ ಹತ್ತಿರ. ಹಲವು ದೇಶಗಳ ಸಂಶೋಧನಾ ಕೇಂದ್ರಗಳಿರುವ ಪುಟ್ಟ ಹಳ್ಳಿ ಅದು. ನಮ್ಮ ಭಾರತದ ‘ಹಿಮಾದ್ರಿ’ ಕೂಡ ಇದೆ, 2008ರ ಜುಲೈ 1ರಂದು ಶುರುವಾಗಿದ್ದು. ದೂರದ ಆಕಾಶದಿಂದ ಬರುವ ರೇಡಿಯೊ ಅಲೆ ಹಿಡಿಯುವ ದೊಡ್ಡ ಆಂಟೆನಾ ಇರುವುದರಿಂದ ಅಲ್ಲಿ ವೈಫೈ, ಬ್ಲೂಟೂತ್ ಎಲ್ಲ ಬಂದ್. ಇವರು ನನಗಿಂತ ಮುಂದೆ ಹೋಗಿಬಿಟ್ಟಿದ್ದರು. ಹಿಂದೆ ಬಂದಾಗ ಮುಖದಲ್ಲಿ ದೇಶಭಕ್ತಿ ತುಂಬಿ ತುಳುಕುತ್ತಿತ್ತು. ಬಾಗಿಲ ಎರಡೂ ಕಡೆ ಕಲ್ಲಿನ ಸಿಂಹ ಇಟ್ಟಿದ್ದಾರೆ, ನಮ್ಮವರು ಎಷ್ಟು ಚೆನ್ನಾಗಿ ಮಾಡಿದ್ದಾರೆ ಎಂದರು. ಸಿಂಹದ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡಿದ್ದರು.

ಲಾಂಗ್‌ಇಯರ್‌ಬೈನ್‌ಗೆ ವಾಪಸ್ ಬಂದ ತಕ್ಷಣ ಅದು ಮನೆಯವರ ಗ್ರೂಪಿಗೆ ಹೋಯಿತು. ‘ಧ್ರುವ ಪ್ರದೇಶದಲ್ಲಿ ನಮ್ಮ ಭಾರತ. ಹೆಮ್ಮೆ.’ ಹತ್ತೊಂಬತ್ತು ಕೈಮುಗಿದ ಚಿತ್ರ, ಆರು ಬಾವುಟ ಬಂದವು. ಆಮೇಲೆ ಬೆಂಗಳೂರಿನಿಂದ ಇವರ ಅಕ್ಕನ ಮಗ ಬರೆದ. ‘ಮಾವ, ಹಿಂದಿನ ಬೋರ್ಡಲ್ಲಿ ಚೈನೀಸ್ ಅಕ್ಷರ ಇದೆ.’ ಸಿಂಹಗಳಿದ್ದುದು ಚೀನಾದ ಯೆಲ್ಲೊ ರಿವರ್ ಕೇಂದ್ರದ ಬಾಗಿಲಲ್ಲಿ. ನಮ್ಮ ಹಿಮಾದ್ರಿಯ ಮುಂದೆ ಇವರು ಬೂಟಿನ ದಾರ ಕಟ್ಟಿಕೊಳ್ಳುತ್ತಾ ಕೂತಿದ್ದ ಫೋಟೋ ನನ್ನ ಹತ್ತಿರ ಇದೆ. ಅದನ್ನು ಹಾಕಲು ಬಿಡಲಿಲ್ಲ.

ಮಾರನೆಯ ದಿನ 25, ಮಂಗಳವಾರ. ಅಂಗಾರಕ ಸಂಕಷ್ಟಿ.

ನಾನು ಸಂಕಷ್ಟಿ ಬಿಟ್ಟವಳಲ್ಲ. ಮಗಳು ಹುಟ್ಟಿದ ತಿಂಗಳು ಬಿಟ್ಟರೆ ಒಂದೂ ತಪ್ಪಿಲ್ಲ. ಬೆಳಗ್ಗೆಯಿಂದ ಬರೀ ಹಾಲು, ಒಂದು ಬಾಳೆಹಣ್ಣು. ಪುಟ್ಟ ಬೆಳ್ಳಿ ಗಣಪತಿಯನ್ನು ಕಿಟಕಿಯ ಹತ್ತಿರ ಕೂರಿಸಿದೆ. ದೀಪ ಹಚ್ಚಲು ಇವರು ಬಿಡಲಿಲ್ಲ. ಚಾವಣಿಯ ಹೊಗೆ ಗಂಟೆಯನ್ನು ತೋರಿಸಿ ಹತ್ತು ನಿಮಿಷ ಇಲಾಖೆಯ ಭಾಷೆಯಲ್ಲಿ ಮಾತಾಡಿದರು. ಬ್ಯಾಟರಿ ದೀಪ ಇಟ್ಟೆ. ಇನ್ನೇನು, ಚಂದ್ರೋದಯ ಎಷ್ಟು ಹೊತ್ತಿಗೆ ನೋಡಿ, ಅರ್ಘ್ಯ ಕೊಟ್ಟು, ಊಟ ಮಾಡುವುದು. ಫೋನಿನಲ್ಲಿ ಆ ಊರಿನ ಚಂದ್ರೋದಯ ಹುಡುಕಿದೆ.

ಚಂದ್ರೋದಯ ಇಲ್ಲ.

ಫೋನು ಕೆಟ್ಟಿದೆ ಎಂದುಕೊಂಡೆ. ಹಿಂದಿನ ದಿನದ್ದು ನೋಡಿದೆ. ಅವತ್ತೂ ಇಲ್ಲ. ಆಗ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. “ಮೇಡಂ, ಚಂದ್ರ ಯಾವಾಗ ಬರ್ತಾನೆ?”

ಹೋಟೆಲಿನ ಕಾಗದದ ಹಿಂದೆ ಒಂದು ಸೊನ್ನೆ ಬರೆದು, ನೆತ್ತಿಯ ಹತ್ತಿರ ಚುಕ್ಕಿ ಗೆರೆ ಎಳೆದೆ. ಹುಣ್ಣಿಮೆ ಚಂದ್ರ ಯಾವಾಗಲೂ ಸೂರ್ಯನಿಗೆ ನೇರ ಎದುರು ಇರುತ್ತಾನೆ. ಜೂನ್‌ನಲ್ಲಿ ಸೂರ್ಯ ಉತ್ತರಕ್ಕೆ ಬಂದು ಇಲ್ಲಿ ಮುಳುಗದೆ ಕೂತಿದ್ದಾನೆ. ಹಾಗಾದರೆ ಎದುರಿನವನು ದಕ್ಷಿಣಕ್ಕೆ ಇಳಿದಿರಲೇಬೇಕು. ತಕ್ಕಡಿಯ ಒಂದು ತಟ್ಟೆ ಮೇಲೆ, ಇನ್ನೊಂದು ಕೆಳಗೆ. ಹುಣ್ಣಿಮೆಯಾಗಿ ನಾಲ್ಕನೇ ದಿನವಾದರೂ ಅವನು ಇನ್ನೂ ದಿಗಂತದ ಮೇಲೆ ಬರುವಷ್ಟು ಏರಿರುವುದಿಲ್ಲ. ಚಳಿಗಾಲದಲ್ಲಿ ಇದೆಲ್ಲ ಉಲ್ಟಾ. ಆಗ ಸೂರ್ಯ ಇರುವುದಿಲ್ಲ, ಹುಣ್ಣಿಮೆ ಚಂದ್ರ ಮುಳುಗದೆ ಸುತ್ತುತ್ತಾನೆ. ಎಷ್ಟು ಸುಲಭ! ಆ ಹುಡುಗನಿಗೆ ಎರಡು ನಿಮಿಷದಲ್ಲಿ ಹೇಳಬಹುದಿತ್ತು. ಈಗ ಅವನಿಗೂ ಐವತ್ತರ ಹತ್ತಿರ ಆಗಿರಬೇಕು.

“ರೀ, ಚಂದ್ರ ಯಾವಾಗ ಬರುತ್ತೋ ಏನೋ” ಎಂದೆ. ಬಾಯಿ ತಪ್ಪಿ ಬಂತು.

ಇವರು ಎದ್ದು ಕೂತರು. ಕನ್ನಡಕ ಸರಿಮಾಡಿಕೊಂಡರು. ಮೂವತ್ತು ವರ್ಷದ ಆಫೀಸ್ ಧ್ವನಿ ಹೊರಗೆ ಬಂತು. “ಇವತ್ತು ಬರಲ್ಲ ಮೇಡಂ. ಲೈನಲ್ಲಿ ಫಾಲ್ಟ್ ಇದೆ. ಹುಡುಗರನ್ನ ಕಳಿಸಿದ್ದೀವಿ. ನಾಳೆ ಫೋನ್ ಮಾಡಿ.”

ನಗಬಾರದು ಎಂದುಕೊಂಡೆ. ಹಸಿದ ಹೊಟ್ಟೆಯಲ್ಲಿ ನಗು ತಡೆಯುವುದು ಕಷ್ಟ.

ಕೊನೆಗೆ ಊರಿನ ಚಂದ್ರೋದಯವನ್ನೇ ಹಿಡಿಯುವುದು ಎಂದು ತೀರ್ಮಾನವಾಯಿತು. ಶಿವಮೊಗ್ಗದಲ್ಲಿ ರಾತ್ರಿ ಹತ್ತರ ಸುಮಾರಿಗೆ. ನಮಗೆ ಸಂಜೆ ಆರೂವರೆ. ಮನೆ ನೋಡಿಕೊಳ್ಳಲು ಅತ್ತಿಗೆ ಬಂದು ಇದ್ದರು. ಅವರದೂ ಸಂಕಷ್ಟಿ. ವಿಡಿಯೋ ಕಾಲ್ ಮಾಡಿ ತಾರಸಿಗೆ ಹೋಗಿ ಚಂದ್ರನನ್ನು ತೋರಿಸಿದರೆ ಫೋನಿನಲ್ಲೇ ದರ್ಶನ, ಊಟ. ಆರೂವರೆಗೆ ಸರಿಯಾಗಿ ಫೋನ್ ಮಾಡಿದೆ. ಕತ್ತಲೆ ಕಂಡಿತು. ಹತ್ತು ದಿನದ ಮೇಲೆ ನೋಡುತ್ತಿದ್ದ ಮೊದಲ ಕತ್ತಲೆ. ಇವರು ಆಸೆಯಿಂದ ಬಗ್ಗಿ ನೋಡಿದರು.

“ಅತ್ತಿಗೆ, ಚಂದ್ರ ಕಂಡನಾ?”

“ಚಂದ್ರನಾ? ಬೆಳಗ್ಗೆಯಿಂದ ಸೂರ್ಯನೇ ಕಂಡಿಲ್ಲ ಕಣೆ ಇಲ್ಲಿ. ಮಳೆ ಹೊಡೀತಾ ಇದೆ. ಕರೆಂಟೂ ಇಲ್ಲ.”

“ಮತ್ತೆ ಊಟ?”

“ಊಟಕ್ಕೇನು? ಕ್ಯಾಲೆಂಡರಲ್ಲಿ ಹತ್ತು ಗಂಟೆ ಅಂತ ಹಾಕಿದ್ದಾರೆ. ಹತ್ತಾಯ್ತು. ಮಳೆಗಾಲದಲ್ಲಿ ನಾವು ಯಾವತ್ತು ಚಂದ್ರನ್ನ ನೋಡಿ ಊಟ ಮಾಡಿದ್ದೀವೇ? ನಿನಗೂ ನೆನಪಿಲ್ವಾ?”

ನೆನಪಾಯಿತು. ಮದುವೆಯಾಗಿ ಬಂದಾಗಿನಿಂದ ಜೂನ್, ಜುಲೈ ಸಂಕಷ್ಟಿಗೆ ನಮ್ಮ ಮನೆಯಲ್ಲಿ ಚಂದ್ರ ಬಂದಿದ್ದೇ ಇಲ್ಲ.

“ಅದಿರ್ಲಿ” ಎಂದರು ಅತ್ತಿಗೆ. ಮಳೆಯ ಸದ್ದಿನಲ್ಲಿ ಕೂಗಿ ಹೇಳುತ್ತಿದ್ದರು. “ಅಂಗಳಕ್ಕೆ ಹೋಗಿ ನಾಲ್ಕು ಗರಿಕೆ ತರಬೇಕಿತ್ತು. ಅಪ್ಪನ ಕಾಲದ ಆ ದೊಡ್ಡ ಕೊಡೆ ಎಲ್ಲಿಟ್ಟಿದ್ದೀಯೇ? ಮನೆಯೆಲ್ಲ ಹುಡುಕಿದೆ.”

ಇವರು ನನ್ನ ಕಡೆ ನೋಡಿದರು. ಕೊಡೆ ಕೆಳಗೆ ಹೋಟೆಲಿನ ಬಾಗಿಲ ಹತ್ತಿರ, ಒಂಟಿ ಬೂಟಿನ ಪಕ್ಕದಲ್ಲಿ, ಹಕ್ಕಿಯ ಹಿಕ್ಕೆ ಹಾಕಿಸಿಕೊಂಡು ಒಣಗಿ ನಿಂತಿತ್ತು.